ಇನ್‌ಟೇಕ್ ಮ್ಯಾನಿಫೋಲ್ಡ್‌ನ ನೀರಿನ ದಾರಿಗೆ ಡಮ್ಮಿ ಹೊಡೆದ ಮೇಲೆ ತೊಂದರೆ ಶುರುವಾದ್ರೆ ಎಲ್ಲಿಂದ ಹುಡುಕೋದು

ಕಾರ್ಬೊರೇಟರ್ ಇರೋ ಹಳೇ ಮಾರುತಿ ಜಿಪ್ಸಿಗೆ ಬೈಕಿನ ನಾಲ್ಕು ಕಾರ್ಬೊರೇಟರ್ ಸೆಟ್ಟೋ, ಪಕ್ಕದಿಂದ ಗಾಳಿ ಎಳೆಯೋ ಜೋಡಿ ಸೈಡ್ ಡ್ರಾಫ್ಟ್ ಕಾರ್ಬೊರೇಟರೋ ಕೂರಿಸೋರು ನಮ್ಮ ಮಲ್ನಾಡ್ ಕಡೆ ಇನ್ನೂ ಇದಾರೆ. ಅದಕ್ಕೆ ಇನ್‌ಟೇಕ್ ಮ್ಯಾನಿಫೋಲ್ಡ್, ಅಂದ್ರೆ ಕಾರ್ಬೊರೇಟರ್‌ನಿಂದ ಎಂಜಿನ್‌ಗೆ ಗಾಳಿ, ಪೆಟ್ರೋಲ್ ಒಯ್ಯೋ ಪೈಪು, ಹೊಸದಾಗಿ ಮಾಡಿಸ್ಬೇಕು. ಕಂಪನಿ ಮ್ಯಾನಿಫೋಲ್ಡ್ ಒಳಗೆ ಕೂಲಂಟ್, ಅಂದ್ರೆ ಎಂಜಿನ್ ತಂಪು ಮಾಡೋ ನೀರು, ಓಡಾಡತ್ತೆ, ಹೊಸದ್ರಲ್ಲಿ ಅಷ್ಟೆಲ್ಲ ಕೊರೆಯೋದು ಕಷ್ಟ ಅಂತ ಇರೋ ರಂಧ್ರಕ್ಕೆಲ್ಲ ಡಮ್ಮಿ, ಅಂದ್ರೆ ಮುಚ್ಚೋ ಬಿರಡೆ, ಹೊಡೆದು ಕೊಟ್ಬಿಡ್ತಾರೆ. ಮೊದಲ ದಿನ ಗಾಡಿ ಚೆನ್ನಾಗೇ ಎಳೆಯತ್ತೆ, ಖುಷಿಯಾಗತ್ತೆ. ಆಮೇಲೆ ಒಂದು ವಾರಕ್ಕೋ ಮೊದಲನೇ ಘಾಟಿಗೋ ಒಂದೊಂದೇ ಶುರುವಾಗತ್ತೆ, ಬಿಸಿ ಆಗ್ತಿದೆ, ನೀರು ಕಮ್ಮಿ ಆಗ್ತಿದೆ, ಬೆಳಿಗ್ಗೆ ಸ್ಟಾರ್ಟ್ ಆಗ್ತಿಲ್ಲ. ಆಗ ಎಲ್ರೂ ಕಾರ್ಬೊರೇಟರ್ ಜೆಟ್ ಬದಲಾಯಿಸ್ತಾ ಕೂರ್ತಾರೆ, ದೋಷ ಇರೋದು ಮುಚ್ಚಿದ ರಂಧ್ರದಲ್ಲಿ.

ನಾನು ಇಲ್ಲಿ ಉದಾಹರಣೆಗೆ ಇಟ್ಕೊಂಡಿರೋದು ಜಿಪ್ಸಿ ಕಿಂಗ್ ಎಂಜಿನ್. 1996ರಲ್ಲಿ ಬಂದ ಜಿ13ಬಿಎ, 1298 ಸಿಸಿ, 8 ವಾಲ್ವು, ಒಂದೇ ಕಾರ್ಬೊರೇಟರ್. 2000ದಲ್ಲಿ ಬಂದ 16 ವಾಲ್ವಿನ ಎಂಪಿಎಫ್‌ಐ, ಅಂದ್ರೆ ಕಾರ್ಬೊರೇಟರ್ ಬದಲು ಇಂಜೆಕ್ಟರ್‌ನಿಂದ ಪೆಟ್ರೋಲ್ ಚಿಮ್ಮಿಸೋದು, ಬೇರೆ ಕಥೆ, ಅದರ ಮಾತು ನಡುವೆ ಬಂದಾಗ ಹೇಳ್ತೀನಿ. ಈ 8 ವಾಲ್ವಿನ ಎಂಜಿನ್‌ನಲ್ಲಿ ಥರ್ಮೋಸ್ಟಾಟ್, ಅಂದ್ರೆ ನೀರು ಬಿಸಿಯಾದ್ಮೇಲೆ ಮಾತ್ರ ರೇಡಿಯೇಟರ್ ದಾರಿ ತೆರೆಯೋ ವಾಲ್ವು, ಕೂತಿರೋದೇ ಇನ್‌ಟೇಕ್ ಮ್ಯಾನಿಫೋಲ್ಡ್ ಮೇಲೆ, ಮೀಟರ್ ಮುಳ್ಳಿಗೆ ಸುದ್ದಿ ಕೊಡೋ ಸೆನ್ಸರ್ ಕೂಡ ಅಲ್ಲೇ. ಹೆಡ್‌ನಿಂದ, ಅಂದ್ರೆ ಸಿಲಿಂಡರ್‌ಗಳ ಮೇಲೆ ಕೂರೋ ಭಾಗದಿಂದ, ಬಿಸಿ ನೀರು ಮ್ಯಾನಿಫೋಲ್ಡ್‌ಗೆ ಬಂದು, ಥರ್ಮೋಸ್ಟಾಟ್ ದಾಟಿ, ಮೇಲಿನ ಹೋಸ್‌ನಿಂದ ರೇಡಿಯೇಟರ್‌ಗೆ ಹೋಗತ್ತೆ. ಅಂದ್ರೆ ಮ್ಯಾನಿಫೋಲ್ಡ್ ಇಲ್ಲಿ ಗಾಳಿ ಪೈಪು ಮಾತ್ರ ಅಲ್ಲ, ನೀರಿನ ಜಂಕ್ಷನ್ನು. ಇದು ತಲೇಲಿ ಕೂತ್ರೆ ಮುಂದಿನ ಅರ್ಧ ಲಕ್ಷಣ ತಾನಾಗೇ ಅರ್ಥ ಆಗತ್ತೆ.

ಮುಚ್ಚಿರೋ ರಂಧ್ರ ಮೂರು ಜಾತೀಲಿ ಯಾವುದು ಅಂತ ಮೊದಲು ಕೇಳ್ಕೊಳ್ಳಿ. ಒಂದು ಹೊರಗೆ ಹೋಗೋ ದಾರಿ, ಹೆಡ್ ನೀರೆಲ್ಲ ಇದರಲ್ಲೇ ಹೊರಗೆ ಬರ್ಬೇಕು, ಇನ್ನೊಂದು ಕಡೆ ಹೊಸ ಔಟ್‌ಲೆಟ್ ಮಾಡದೆ ಇದನ್ನ ಮುಚ್ಚೋ ಹಾಗೇ ಇಲ್ಲ. ಎರಡನೇದು ಸುತ್ತೋ ದಾರಿ, ಬೈಪಾಸ್ ಅಂತೀವಲ್ಲ ಅದು, ಥರ್ಮೋಸ್ಟಾಟ್ ಮುಚ್ಚಿರೋವಾಗ ನೀರು ಎಂಜಿನ್ ಒಳಗೇ ತಿರುಗ್ತಾ ಇರೋಕೆ, ಎಷ್ಟೋ ಗಾಡೀಲಿ ಹೀಟರ್ ಹೋಸೇ ಈ ಕೆಲಸನೂ ಮಾಡ್ತಿರತ್ತೆ. ಮೂರನೇದು ಬರೀ ಬಿಸಿ ಮಾಡೋ ಕವಲು, ಕಾರ್ಬೊರೇಟರ್ ಬುಡಕ್ಕೆ, ಚೋಕ್‌ಗೆ, ಥ್ರಾಟಲ್ ಬಾಡಿಗೆ ಹೋಗೋ ಸಣ್ಣ ಪೈಪು. ಧೈರ್ಯವಾಗಿ ಮುಚ್ಚಬಹುದಾದ್ದು ಈ ಮೂರನೇದು ಮಾತ್ರ, ಅದಕ್ಕೂ ಒಂದು ಬೆಲೆ ಇದೆ, ಅದನ್ನ ಚಳಿ ಸ್ಟಾರ್ಟಿಂಗ್ ಭಾಗದಲ್ಲಿ ಹೇಳ್ತೀನಿ.

ಕೈ ಹಾಕೋ ಮುಂಚೆ

ಬಿಸಿ ಎಂಜಿನ್‌ನ ರೇಡಿಯೇಟರ್ ಮುಚ್ಚಳ ತೆಗೀಬೇಡಿ. ಬಟ್ಟೆ ಸುತ್ಕೊಂಡು ತೆಗೀತೀನಿ ಅನ್ನೋದೂ ಬೇಡ. ಮುಚ್ಚಳದ ಮೇಲೆ 0.9 ಅಂತ ಬರೆದಿದ್ರೆ ಒಳಗೆ ಅಷ್ಟು ಒತ್ತಡ ಹಿಡಿದಿರತ್ತೆ, ಆ ಒತ್ತಡದಿಂದ ನೀರು 115 ಡಿಗ್ರಿ ದಾಟಿದ್ರೂ ಕುದೀದೆ ಕೂತಿರತ್ತೆ, ಮುಚ್ಚಳ ತೆಗೆದ ಕ್ಷಣ ಒತ್ತಡ ಹೋಗಿ ಒಂದೇ ಸಲ ಕುದ್ದು ಮುಖಕ್ಕೆ ಹಾರತ್ತೆ. ಮಡಿಕೇರಿ ಎತ್ತರದಲ್ಲಿ ಬಯಲಲ್ಲಿಟ್ಟ ನೀರು ಸುಮಾರು 96ಕ್ಕೇ ಕುದಿಯತ್ತೆ, ಹಾಗಾಗಿ ಘಟ್ಟದ ಮೇಲೆ ಇನ್ನೂ ಹುಷಾರಾಗಿರಿ. ಮೇಲಿನ ಹೋಸ್ ಹಿಸುಕಿ ನೋಡಿ, ಮೆತ್ತಗಾಗಿ ಕೈಗೆ ತಣ್ಣಗಾದ ಮೇಲೆ ಮುಚ್ಚಳ. ಅಲ್ಲೀತನಕ ಕಾಯೋದೇ.

ಕೂಲಂಟ್ ಇಳಿಸಿದ್ರೆ ಬೇಸಿನ್‌ನಲ್ಲಿ ಹಿಡೀರಿ, ಅಂಗಳದಲ್ಲಿ ಬಿಡಬೇಡಿ. ಅದರಲ್ಲಿರೋ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರತ್ತೆ, ನಾಯಿ ನೆಕ್ಕಿದ್ರೆ ಕಿಡ್ನಿ ಹೋಗಿ ಸಾಯತ್ತೆ, ಮಕ್ಕಳಿಗೂ ವಿಷ. ಕರೆಂಟ್ ಫ್ಯಾನ್ ಇರೋ ಗಾಡಿ ಆದ್ರೆ ಬ್ಯಾಟರಿ ತಂತಿ ತೆಗೆದೇ ಕೈ ಹಾಕಿ, ಕೆಲವು ಗಾಡೀಲಿ ಕೀ ತೆಗೆದ ಮೇಲೂ ಫ್ಯಾನ್ ತಿರುಗತ್ತೆ.

ಗಾಡಿ ಕೆಳಗೆ ಹನಿ ಬೀಳ್ತಿದೆ, ಅಥವಾ ಡಮ್ಮಿ ಸುತ್ತ ಬಣ್ಣದ ಕಲೆ

ಇದು ಎಲ್ಲಕ್ಕಿಂತ ಸುಲಭ, ಕಣ್ಣಿಗೆ ಕಾಣೋ ದೋಷ. ಟಾರ್ಚ್ ಹಿಡ್ಕೊಂಡು ತಣ್ಣಗಿರೋ ಎಂಜಿನ್‌ನಲ್ಲಿ ಪ್ರತಿ ಡಮ್ಮಿ ಸುತ್ತ ನೋಡಿ. ಸೋರಿ ಒಣಗಿದ ಕೂಲಂಟ್ ಹಸಿರೋ ಗುಲಾಬಿಯೋ ಪುಡಿ ಥರ ಅಂಟ್ಕೊಂಡಿರತ್ತೆ, ಉಗುರಲ್ಲಿ ಕೆರೆದ್ರೆ ಉಪ್ಪಿನ ಹಾಗೆ ಉದುರತ್ತೆ. ಹನಿ ಬಿದ್ದ ಜಾಗ ನೋಡಿ ಸೋರಿಕೆ ಅಲ್ಲೇ ಅನ್ಕೋಬೇಡಿ, ಓಡೋ ಗಾಡೀಲಿ ಗಾಳಿ ಹನಿನ ಹಿಂದಕ್ಕೆ ತಳ್ಳಿರತ್ತೆ, ಕಲೆ ಹಿಡ್ಕೊಂಡು ಮೇಲಕ್ಕೆ, ಮುಂದಕ್ಕೆ ಹೋಗ್ಬೇಕು.

ತಣ್ಣಗಿದ್ದಾಗ ಹನಿ ಬಿದ್ದು ಬಿಸಿಯಾದ್ಮೇಲೆ ನಿಂತ್ರೆ ಹೆಚ್ಚು ಸಲ ಅದು ಹೋಸ್ ಕ್ಲಿಪ್ಪು, ಬಿಗಿ ಮಾಡಿ ನೋಡಿ. ಬಿಸಿಯಾದ್ಮೇಲೆ ಸೋರಿ ತಣ್ಣಗಾದ್ಮೇಲೆ ನಿಂತ್ರೆ ಡಮ್ಮಿ ಮೇಲೆ ಅನುಮಾನ. ಅಲ್ಯೂಮಿನಿಯಂ ಬಿಸಿಗೆ ಕಬ್ಬಿಣಕ್ಕಿಂತ ಹತ್ತಿರ ಹತ್ತಿರ ಎರಡರಷ್ಟು ಹಿಗ್ಗತ್ತೆ. ಹಾಗಾಗಿ ಅಲ್ಯೂಮಿನಿಯಂ ಮ್ಯಾನಿಫೋಲ್ಡ್‌ಗೆ ಕಬ್ಬಿಣದ ಡಮ್ಮಿ ಹೊಡೆದಿದ್ರೆ ಬಿಸಿಯಾದಾಗ ರಂಧ್ರ ದೊಡ್ಡದಾಗತ್ತೆ, ಡಮ್ಮಿ ಅಷ್ಟು ಹಿಗ್ಗಲ್ಲ, ಸಂದಿ ಬಿಡತ್ತೆ. ಥ್ರೆಡ್ ಇಲ್ಲದೆ ಸುತ್ತಿಗೇಲಿ ತಟ್ಟಿ ಕೂರಿಸಿದ ಡಮ್ಮಿ ಒಂದಿನ ಒತ್ತಡಕ್ಕೆ ಹಾರೇ ಹೋಗತ್ತೆ, ನೀರೆಲ್ಲ ಅರ್ಧ ನಿಮಿಷದಲ್ಲಿ ಖಾಲಿ.

ಥ್ರೆಡ್ ಡಮ್ಮಿ ಇದ್ದೂ ಸೋರ್ತಿದೆ ಅಂದ್ರೆ ಇನ್ನೊಂದು ಕಾರಣ ಇದೆ, ಇದನ್ನ ಲೇತ್ ಅಂಗಡೀಲಿ ಬಿಟ್ರೆ ಯಾರೂ ಹೇಳಲ್ಲ. ಜಪಾನ್ ಗಾಡಿಗಳ ಸಣ್ಣ ಟೇಪರ್ ಥ್ರೆಡ್ ಬ್ರಿಟಿಷ್ ಪೈಪ್ ಅಳತೆ, ಕಾಲಿಂಚಿನದ್ರಲ್ಲಿ ಇಂಚಿಗೆ 19 ಸುತ್ತು, ಅರೆಕಾಲಿಂಚಿನದ್ರಲ್ಲಿ 28. ಅಂಗಡೀಲಿ ಸಿಗೋ ಅಮೆರಿಕನ್ ಅಳತೆ ಡಮ್ಮೀಲಿ 18 ಮತ್ತು 27. ಒಂದೆರಡು ಸುತ್ತು ಸಲೀಸಾಗಿ ಹೋಗತ್ತೆ, ಆಮೇಲೆ ಬಿಗಿ ಆದ ಹಾಗೆ ಅನ್ಸತ್ತೆ, ನಿಜವಾಗಿ ಥ್ರೆಡ್ ಕೆಟ್ಟು ಸಿಕ್ಕಾಕೊಂಡಿರತ್ತೆ ಅಷ್ಟೇ. ಇನ್ನೂ ಬಿಗಿ ಮಾಡೋಕೆ ಹೋದ್ರೆ ಟೇಪರ್ ಡಮ್ಮಿ ಆಪು ಬಡಿದ ಹಾಗೆ ಕೆಲಸ ಮಾಡಿ ಅಲ್ಯೂಮಿನಿಯಂ ದಿಂಡನ್ನೇ ಸೀಳತ್ತೆ. ಡಮ್ಮಿ ಪಕ್ಕ ಕೂದಲೆಳೆ ಥರ ಗೆರೆ ಕಂಡ್ರೆ ಅಲ್ಲಿಗೆ ಸ್ಪ್ಯಾನರ್ ಕೆಳಗಿಡಿ, ಅದು ಆರ್ಗಾನ್ ವೆಲ್ಡಿಂಗ್ ಕೆಲಸ.

ಹೋಸ್ ತುಂಡಿಗೆ ಬೋಲ್ಟ್ ತುರುಕಿ ಎರಡು ಕ್ಲಿಪ್ ಹಾಕಿರೋದು ಊರು ಸೇರೋಕೆ ಪರವಾಗಿಲ್ಲ. ಅದನ್ನೇ ವರ್ಷಗಟ್ಟಲೆ ಬಿಟ್ರೆ ರಬ್ಬರ್ ತುದಿ ಸೀಳಿ ಹೋಗತ್ತೆ. ಟ್ಯಾಂಕ್‌ಗೆ ಮೆತ್ತೋ ಎಪಾಕ್ಸಿ ಪುಟ್ಟಿ ಈ ಜಾಗಕ್ಕೆ ಬೇಡವೇ ಬೇಡ, ಬಿಸಿ ತಣ್ಣಗೆ ಬಿಸಿ ತಣ್ಣಗೆ ಆಗ್ತಾ ಅಂಚು ಬಿಟ್ಕೊಂಡು, ಚೂರು ಒಳಗೆ ಬಿದ್ರೆ ಹೀಟರ್‌ಗೋ ರೇಡಿಯೇಟರ್‌ಗೋ ಹೋಗಿ ಕೂರತ್ತೆ.

ಮುಳ್ಳು ಕೆಳಗೇ ಇದೆ, ಆದ್ರೆ ಎಂಜಿನ್ ಕುದೀತಿದೆ

ಎಲ್ಲದರಲ್ಲೂ ಅಪಾಯದ್ದು ಇದೇ, ಯಾಕಂದ್ರೆ ಗಾಡಿ ಓಡಿಸೋನಿಗೆ ಎಲ್ಲ ಸರಿ ಇದೆ ಅಂತಲೇ ಕಾಣತ್ತೆ.

ನನ್ನ ಜಿಪ್ಸೀಲಿ ಆದದ್ದು ಹೇಳ್ತೀನಿ. ಹೊಸ ಮ್ಯಾನಿಫೋಲ್ಡ್ ಹಾಕಿಸಿ, ನೀರಿಗೆ ಹೆಡ್ ಹತ್ರ ಹೊಸ ಔಟ್‌ಲೆಟ್ ಮಾಡಿಸಿ, ಸೆನ್ಸರ್ ಮಾತ್ರ ಮ್ಯಾನಿಫೋಲ್ಡ್‌ನಲ್ಲೇ ಹಳೇ ಜಾಗದ ಅಳತೇಲಿ ಹಾಗೇ ಕೂರಿಸಿದ್ವಿ. ಆ ಕೋಣೆಗೆ ನೀರು ಬರೋ ರಂಧ್ರಕ್ಕೇ ಡಮ್ಮಿ ಹೊಡೆದಿದ್ದು ಯಾರ ಗಮನಕ್ಕೂ ಬರ್ಲಿಲ್ಲ. ಸೆನ್ಸರ್ ಒಣ ಗುಂಡೀಲಿ ಗಾಳಿ ಅಳೀತಾ ಕೂತಿತ್ತು. ಉಜಿರೆ ಕಡೆಯಿಂದ ಚಾರ್ಮಾಡಿ ಹತ್ತುವಾಗ ಮುಳ್ಳು ಕಾಲು ಭಾಗದಲ್ಲೇ ಇತ್ತು, ಎಂಜಿನ್ ಚೆನ್ನಾಗಿ ತಣ್ಣಗಿದೆ ಅನ್ಕೊಂಡು ಎಳೆದೆ. ಮೊದಲು ಬಂದದ್ದು ವಾಸನೆ, ಬೆಲ್ಲ ಪಾಕ ಸೀದ ಹಾಗೆ. ಆಮೇಲೆ ಆಕ್ಸಿಲರೇಟರ್ ಒತ್ತಿದ್ರೆ ಟಿಕ್ ಟಿಕ್ ಟಿಕ್ ಅಂತ ಒಳಗಿಂದ ಶಬ್ದ. ಕೊಟ್ಟಿಗೆಹಾರ ಇನ್ನೂ ಮೂರ್ನಾಲ್ಕು ತಿರುವು ಇರೋವಾಗ ಬಾನೆಟ್ ಸಂದಿಂದ ಹಬೆ. ಆಗಲೂ ಮುಳ್ಳು ಕದಲಿರ್ಲಿಲ್ಲ. ಹೆಡ್ ಬಾಗಿತ್ತು, ಮುಖ ಹೊಡೆಸಿ, ಅಂದ್ರೆ ಮೆಷಿನ್‌ನಲ್ಲಿ ಸಮ ಮಾಡಿಸಿ, ಹೊಸ ಪ್ಯಾಕಿಂಗ್ (ಗ್ಯಾಸ್ಕೆಟ್) ಹಾಕಿಸ್ಬೇಕಾಯ್ತು. ರೇಡಿಯೇಟರ್‌ನಲ್ಲಿ ನೀರು ಇತ್ತು, ಪಂಪ್ ಸರಿ ಇತ್ತು, ಸುಳ್ಳು ಹೇಳಿದ್ದು ಆ ಒಂದು ಸೆನ್ಸರ್ ಜಾಗ. ಅದು ನಿಜ ಹೇಳಿದ್ರೆ ಎರಡನೇ ತಿರುವಲ್ಲೇ ನಿಲ್ಲಿಸ್ತಿದ್ದೆ.

ಪರೀಕ್ಷೆ ಸುಲಭ. ತಣ್ಣಗಿರೋವಾಗ ಕೆಳಗೆ ಬಟ್ಟೆ ಹಿಡಿದು ಸೆನ್ಸರ್ ಒಂದೆರಡು ಸುತ್ತು ಸಡಿಲ ಮಾಡಿ. ಥ್ರೆಡ್ ಸಂದಿಂದ ಕೂಲಂಟ್ ಜಿನುಗಿದ್ರೆ ಅದು ನೀರಲ್ಲಿದೆ. ಏನೂ ಬರ್ಲಿಲ್ಲ ಅಂದ್ರೆ ಒಣಗಿದೆ ಅಥವಾ ಅಲ್ಲಿ ಗಾಳಿ ಸಿಕ್ಕಾಕೊಂಡಿದೆ. ಜಿನುಗಿದ್ರೂ ಅಷ್ಟಕ್ಕೇ ನೆಮ್ಮದಿ ಬೇಡ, ನಿಂತ ನೀರೂ ಜಿನುಗತ್ತೆ, ಸೆನ್ಸರ್‌ಗೆ ಬೇಕಾಗಿರೋದು ಹರಿಯೋ ನೀರು. ಎಂಜಿನ್ ಬಿಸಿಯಾದ್ಮೇಲೆ ಟೆಂಪರೇಚರ್ ಗನ್ ಇದ್ರೆ ಹೆಡ್‌ನ ನೀರಿನ ಔಟ್‌ಲೆಟ್ ಒಂದು ಸಲ, ಸೆನ್ಸರ್ ಬುಡ ಒಂದು ಸಲ ಹೊಡೆದು ನೋಡಿ, ನಾಲ್ಕೈದು ಡಿಗ್ರಿ ಹೆಚ್ಚುಕಮ್ಮಿ ಸರಿ, ಇಪ್ಪತ್ತು ಮೂವತ್ತು ಅಂದ್ರೆ ಸೆನ್ಸರ್ ತಪ್ಪು ಜಾಗದಲ್ಲಿದೆ. ಒಂದು ವಿಷಯ, ಹೊಳೆಯೋ ಅಲ್ಯೂಮಿನಿಯಂ ಮೇಲೆ ಆ ಗನ್ ಇರೋದಕ್ಕಿಂತ ತುಂಬ ಕಮ್ಮಿ ತೋರ್ಸತ್ತೆ, ಪೇಂಟ್ ಮಾಡೋರ ಕಾಗದದ ಟೇಪ್ ಒಂದು ತುಂಡು ಅಂಟಿಸಿ ಅದರ ಮೇಲೆ ಹೊಡೀರಿ.

ಪರಿಹಾರ ಅಂದ್ರೆ ಸೆನ್ಸರನ್ನ ಹೊಸ ಔಟ್‌ಲೆಟ್‌ಗೆ, ಥರ್ಮೋಸ್ಟಾಟ್‌ಗಿಂತ ಮುಂಚೆ, ಎಂಜಿನ್ ಕಡೆಗೆ ಸ್ಥಳಾಂತರ ಮಾಡೋದು. ಥರ್ಮೋಸ್ಟಾಟ್ ದಾಟಿದ ಮೇಲೆ, ಮೇಲಿನ ಹೋಸ್ ನಡುವೆ ಅಡಾಪ್ಟರ್ ಹಾಕಿ ಕೂರಿಸಿದ್ರೆ ಥರ್ಮೋಸ್ಟಾಟ್ ತೆರೆಯೋತನಕ ಮತ್ತೆ ಅದೇ ಸುಳ್ಳು. ಎಂಪಿಎಫ್‌ಐ ಗಾಡೀಲಿ ಇಸಿಯುಗೆ, ಅಂದ್ರೆ ಎಂಜಿನ್ ನಡೆಸೋ ಕಂಪ್ಯೂಟರ್‌ಗೆ, ಬೇರೆ ಸೆನ್ಸರ್ ಇರತ್ತೆ. ಅದು ಒಣಗಿದ್ರೆ ಎಂಜಿನ್ ಇನ್ನೂ ತಣ್ಣಗಿದೆ ಅಂತ ಇಸಿಯು ಪೆಟ್ರೋಲ್ ಹೆಚ್ಚು ಬಿಡ್ತಾನೇ ಇರತ್ತೆ, ಮೈಲೇಜ್ ಬೀಳತ್ತೆ, ಸೈಲೆನ್ಸರ್ ತುದಿ ಕಪ್ಪಾಗತ್ತೆ.

ಮುಳ್ಳು ಜಿಗಿದು ಕೆಂಪಿನ ಹತ್ರ ಹೋಗಿ ಧಡಕ್ಕನೆ ಇಳಿಯತ್ತೆ

ಸ್ಟಾರ್ಟ್ ಮಾಡಿ ಐದಾರು ನಿಮಿಷಕ್ಕೆ ಮುಳ್ಳು ಮೇಲೆ, ಆಮೇಲೆ ಸರ್ರಂತ ಕೆಳಗೆ, ಮತ್ತೆ ಮೇಲೆ. ಇದಕ್ಕೆ ಎರಡೇ ಕಾರಣ, ಒಂದು ಪುಕ್ಕಟೆ, ಇನ್ನೊಂದು ಕೆಲಸದ್ದು.

ಪುಕ್ಕಟೇದು ಗಾಳಿ. ನೀರು ಇಳಿಸಿ ತುಂಬಿದಾಗ ಎತ್ತರದ ಮೂಲೇಲಿ ಗಾಳಿ ಕೂತ್ಕೊಳ್ಳತ್ತೆ, ಹಳೇ ಮ್ಯಾನಿಫೋಲ್ಡ್‌ನಲ್ಲಿ ಆ ಗಾಳಿ ಹೋಗೋಕೆ ಇದ್ದ ಸಣ್ಣ ದಾರಿ ಈಗ ಮುಚ್ಚಿರತ್ತೆ. ಗಾಡಿ ಮೂತಿ ಮೇಲೆ ಬರೋ ಹಾಗೆ ಏರಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಟ್ಟು, ತಣ್ಣಗಿರೋವಾಗಲೇ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ, ಹೀಟರ್ ಇದ್ರೆ ಬಿಸಿ ಕಡೆಗೆ ತಿರುಗಿಸಿ, ಗುಳ್ಳೆ ಬಂದಷ್ಟೂ ನೀರು ಸೇರಿಸ್ತಾ ಹೋಗಿ. ನೀರು ಉಕ್ಕಿ ಬರೋ ಹಾಗೆ ಕಂಡ್ರೆ ಎಂಜಿನ್ ಆಫ್ ಮಾಡಿ ದೂರ ನಿಲ್ಲಿ, ಉಕ್ಕುತ್ತಿರೋವಾಗ ಮುಚ್ಚಳ ಹಾಕೋಕೆ ಹೋಗ್ಬೇಡಿ. ಅರ್ಧಕ್ಕರ್ಧ ಗಾಡಿ ಇಲ್ಲಿಗೇ ಸರಿ ಹೋಗತ್ತೆ.

ಗಾಳಿ ತೆಗೆದ್ರೂ ಹಾಗೇ ಇದ್ರೆ ಸುತ್ತೋ ದಾರಿ ಮುಚ್ಚಿದೀರ. ಥರ್ಮೋಸ್ಟಾಟ್ ಸುಮಾರು 82 ಡಿಗ್ರಿಗೆ ಬಾಯಿ ಬಿಡೋಕೆ ಶುರು ಮಾಡತ್ತೆ, ಆದ್ರೆ ಆ ಬಿಸಿ ನೀರು ಅದರ ಹತ್ರ ಬರ್ಬೇಕಲ್ಲ. ಬೈಪಾಸ್ ಇಲ್ಲದಿದ್ರೆ ನೀರು ಹೆಡ್ ಒಳಗೆ ನಿಂತಲ್ಲೇ ಕಾಯತ್ತೆ, ಸಿಲಿಂಡರ್ ತಲೆ ಹತ್ರ ಕುದಿಯೋಕೆ ಶುರುವಾದ್ರೂ ಥರ್ಮೋಸ್ಟಾಟ್ ಹತ್ರ ಉಗುರುಬೆಚ್ಚಗಿರತ್ತೆ. ಕೊನೆಗೆ ಒಂದೇ ಸಲ ತೆರೆದು ರೇಡಿಯೇಟರ್‌ನ ತಣ್ಣೀರು ನುಗ್ಗತ್ತೆ. ಹೆಡ್ ಪ್ಯಾಕಿಂಗ್ ಹೋಗೋಕೆ ಇದಕ್ಕಿಂತ ಬೇರೆ ಬೇಕಾಗಿಲ್ಲ.

ಥರ್ಮೋಸ್ಟಾಟ್ ತೆಗೆದೇ ಬಿಟ್ರೆ ಸಮಸ್ಯೆ ಮುಗೀತು ಅಂತ ಗ್ಯಾರೇಜ್‌ನಲ್ಲಿ ಹೇಳ್ತಾರೆ, ನಾನು ಒಪ್ಪಲ್ಲ. ಹಾಗೆ ಮಾಡಿದ್ರೆ ಎಂಜಿನ್ ಯಾವತ್ತೂ ಸರಿಯಾದ ಬಿಸಿಗೆ ಬರಲ್ಲ, ಆಯಿಲ್‌ನಲ್ಲಿ ನೀರಿನ ಪಸೆ ಉಳೀತದೆ, ಪೆಟ್ರೋಲ್ ಜಾಸ್ತಿ ಕುಡಿಯತ್ತೆ. ಥರ್ಮೋಸ್ಟಾಟ್ ಚಾಚಿನಲ್ಲಿ (ಫ್ಲ್ಯಾಂಜ್, ಸುತ್ತಿನ ಚಪ್ಪಟೆ ಅಂಚು) 3 ಮಿಲಿಮೀಟರ್ ತೂತು ಕೊರೆದು ಆ ತೂತು ಮೇಲಕ್ಕೆ ಬರೋ ಹಾಗೆ ಕೂರಿಸಿದ್ರೆ ಗಾಳಿ ಹೋಗತ್ತೆ, ಸ್ವಲ್ಪ ನೀರೂ ಓಡಾಡತ್ತೆ. ಆದ್ರೂ ಅದು ಆಸರೆ ಅಷ್ಟೇ. ನಿಜವಾದ ರಿಪೇರಿ ಅಂದ್ರೆ ಔಟ್‌ಲೆಟ್‌ನಿಂದ, ಥರ್ಮೋಸ್ಟಾಟ್‌ಗಿಂತ ಮುಂಚೆ, ಒಂದು ಹೋಸ್ ತೆಗೆದು ಪಂಪ್ ಎಳ್ಕೊಳ್ಳೋ ಕಡೆಗೆ ಸೇರಿಸೋದು.

ಯಾವಾಗ್ಲೂ ಬಿಸಿ, ಏರಿನಲ್ಲಂತೂ ಕುದಿಯತ್ತೆ

ಮೊದಲು ಮಾಮೂಲಿ ನೋಡಿ. ನೀರಿನ ಮಟ್ಟ, ಫ್ಯಾನ್, ಬೆಲ್ಟ್, ರೇಡಿಯೇಟರ್ ಮುಂದೆ ಕೆಸರು ಕಟ್ಟಿದ್ಯಾ, ಮುಚ್ಚಳದ ರಬ್ಬರ್ ಸೀಳಿದ್ಯಾ. ಬರೀ ಟ್ರಾಫಿಕ್‌ನಲ್ಲಿ ನಿಂತಾಗ ಬಿಸಿ ಅಂದ್ರೆ ಫ್ಯಾನ್ ಕಡೆ ಕೈ ತೋರ್ಸತ್ತೆ, ಮ್ಯಾನಿಫೋಲ್ಡ್‌ಗೂ ಅದಕ್ಕೂ ಸಂಬಂಧ ಇಲ್ಲ. ವೇಗ ಹೆಚ್ಚಾದಷ್ಟೂ, ಲೋಡ್ ಹೆಚ್ಚಾದಷ್ಟೂ ಬಿಸಿ ಅಂದ್ರೆ ನೀರಿನ ಹರಿವು ಸಾಲ್ತಿಲ್ಲ.

ಆಮೇಲೆ ಎರಡು ಹೋಸ್ ಮುಟ್ಟಿ, ಫ್ಯಾನಿಂದ ಕೈ ದೂರ ಇಟ್ಕೊಂಡು, ಮೊದಲು ಬೆರಳ ತುದಿ ಮಾತ್ರ ತಾಗಿಸಿ. ಎಂಜಿನ್ ಕಾದು ಕೆಂಡವಾಗಿದೆ, ಮೇಲಿನ ಹೋಸ್ ತಣ್ಣಗೆ ಮೆತ್ತಗಿದೆ ಅಂದ್ರೆ ನೀರು ಹೊರಗೇ ಬರ್ತಿಲ್ಲ. ಥರ್ಮೋಸ್ಟಾಟ್ ಕೆಟ್ಟಿದ್ಯಾ ಅಂತ ತೆಗೆದು ಪಾತ್ರೇಲಿ ನೀರು ಕಾಯಿಸಿ ನೋಡಿ, ತಳಕ್ಕೆ ತಾಗದ ಹಾಗೆ ದಾರದಲ್ಲಿ ಇಳಿಬಿಡಿ, ನೀರು ಕುದಿಯೋದ್ರೊಳಗೆ ಬಾಯಿ ಬಿಡ್ಬೇಕು. ಅಡುಗೆ ಪಾತ್ರೆ ಬೇಡ, ಅದಕ್ಕೆ ಅಂತಲೇ ಹಳೇದೊಂದು ಇಟ್ಕೊಳ್ಳಿ. ಥರ್ಮೋಸ್ಟಾಟ್ ಸರಿ ಇದ್ದೂ ಮೇಲಿನ ಹೋಸ್ ತಣ್ಣಗೆ ಅಂದ್ರೆ ಹೊರಗೆ ಹೋಗೋ ದಾರಿಯನ್ನೇ ಮುಚ್ಚಿದಾರೆ, ಅಥವಾ ಹೊಸ ಔಟ್‌ಲೆಟ್ ಸಣ್ಣದಾಗಿದೆ. ಕಂಪನಿ ಕೊಟ್ಟ ಮೇಲಿನ ಹೋಸ್‌ನ ಒಳಗಿನ ಅಳತೆಗಿಂತ ಹೊಸ ಔಟ್‌ಲೆಟ್ ಸಣ್ಣ ಇರ್ಬಾರ್ದು, ಅರ್ಧ ಇಂಚಿನ ಹೀಟರ್ ಪೈಪಲ್ಲಿ ಇಡೀ ಎಂಜಿನ್ ನೀರು ಹೊರಗೆ ಕಳ್ಸೋಕಾಗಲ್ಲ. ಪ್ಯಾಕಿಂಗ್ ತೂತು ಕೊರೀದೆ ಹಾಗೇ ಕೂರಿಸಿರೋದೂ ನೋಡಿದೀನಿ, ಲೋಹದಲ್ಲಿ ರಂಧ್ರ ಇದೆ, ನಡುವೆ ಪ್ಯಾಕಿಂಗ್ ಹಾಳೆ ಅಡ್ಡ.

ನೀರು ಕಮ್ಮಿ ಆಗ್ತಿದೆ, ಹೊರಗೆ ಎಲ್ಲೂ ಸೋರ್ತಿಲ್ಲ

ಇದನ್ನ ಮಾತ್ರ ಮುಂದಕ್ಕೆ ಹಾಕ್ಬೇಡಿ. ಹೆಡ್‌ನ ಇನ್‌ಟೇಕ್ ಮುಖದ ಮೇಲೆ ಗಾಳಿ ರಂಧ್ರ, ನೀರಿನ ರಂಧ್ರ ಎರಡೂ ಇರತ್ತೆ, ಎರಡರ ನಡುವೆ ಇರೋದು ಬೆರಳಗಲದ ಪ್ಯಾಕಿಂಗ್ ಮಾತ್ರ. ಹೊಸ ಮ್ಯಾನಿಫೋಲ್ಡ್‌ನ ಚಾಚು ವೆಲ್ಡಿಂಗ್ ಬಿಸಿಗೆ ಸ್ವಲ್ಪ ಬಾಗಿದ್ರೂ ಆ ನಡುವಿನ ಜಾಗ ಒತ್ತಲ್ಲ, ನೀರು ಪಕ್ಕದ ಗಾಳಿ ರಂಧ್ರಕ್ಕೆ ಜಾರತ್ತೆ. ಎಂಜಿನ್ ಓಡ್ತಿರೋವಾಗ ಆ ಕಡೆ ನಿರ್ವಾತ, ಈ ಕಡೆ ಒತ್ತಡ, ಹಾಗಾಗಿ ತಡೆ ಇಲ್ಲದೆ ಹೋಗತ್ತೆ.

ಸ್ಪಾರ್ಕ್ ಪ್ಲಗ್ ನಾಲ್ಕೂ ತೆಗೆದು ಸಾಲಾಗಿ ಕಾಗದದ ಮೇಲಿಡಿ. ಮೂರು ಕಾಫಿ ಬಣ್ಣಕ್ಕಿದ್ದು ಒಂದು ಮಾತ್ರ ತೊಳೆದಿಟ್ಟ ಹಾಗೆ ಬೆಳ್ಳಗೆ ಇದ್ರೆ ಆ ಸಿಲಿಂಡರ್‌ಗೆ ನೀರು ಹೋಗ್ತಿದೆ, ಹಬೆ ಅದನ್ನ ತೊಳೆದಿದೆ. ಆ ಸಿಲಿಂಡರ್ ಪಕ್ಕದಲ್ಲೇ ನೀವು ಮುಚ್ಚಿದ ರಂಧ್ರ ಇದ್ರೆ ಮ್ಯಾನಿಫೋಲ್ಡ್ ಪ್ಯಾಕಿಂಗ್ ಮೇಲೇ ಮೊದಲ ಅನುಮಾನ. ಸೈಲೆನ್ಸರ್‌ನಲ್ಲಿ ಬಿಳಿ ಹೊಗೆ ಬೆಳಗಿನ ಚಳಿಗೆ ಎಲ್ಲ ಗಾಡೀಲೂ ಬರತ್ತೆ, ಎಂಜಿನ್ ಪೂರ್ತಿ ಬಿಸಿಯಾದ್ಮೇಲೂ ಬಿಡದೆ ಬಂದು ಸಿಹಿ ವಾಸನೆ ಇದ್ರೆ ಮಾತ್ರ ಲೆಕ್ಕಕ್ಕೆ ತಗೊಳ್ಳಿ. ಡಿಪ್‌ಸ್ಟಿಕ್ ತೆಗೆದು ನೋಡಿ, ಆಯಿಲ್ ಹಾಲು ಬೆರೆಸಿದ ಕಾಫಿ ಥರ ಆಗಿದ್ರೆ, ಮಟ್ಟ ಇದ್ದಕ್ಕಿದ್ದ ಹಾಗೆ ಏರಿದ್ರೆ, ಗಾಡಿ ಅಲ್ಲೇ ನಿಲ್ಲಿಸಿ, ಆ ಆಯಿಲ್‌ನಲ್ಲಿ ಒಂದು ಕಿಲೋಮೀಟರ್ ಓಡಿಸಿದ್ರೂ ಬೇರಿಂಗ್ ಹೋಗಬಹುದು. ಆಯಿಲ್ ಹಾಕೋ ಮುಚ್ಚಳದ ಒಳಗೆ ಮಾತ್ರ ಸ್ವಲ್ಪ ಬೆಣ್ಣೆ ಥರ ಇದ್ದು ಡಿಪ್‌ಸ್ಟಿಕ್ ಸರಿ ಇದ್ರೆ ಗಾಬರಿ ಬೇಡ, ಮಳೆಗಾಲದಲ್ಲಿ ಹತ್ತಿರ ಹತ್ತಿರ ಓಡಾಡೋ ಗಾಡೀಲಿ ಅದು ಸಾಮಾನ್ಯ.

ದುಡ್ಡು ಖರ್ಚಾಗೋ ಪರೀಕ್ಷೆ ಎರಡು. ಒಂದು ರೇಡಿಯೇಟರ್‌ಗೆ ಪ್ರೆಶರ್ ಪಂಪ್ ಹಾಕಿ ಮುಚ್ಚಳದ ಮೇಲೆ ಬರೆದಷ್ಟೇ ಒತ್ತಡ ಕೊಟ್ಟು ರಾತ್ರಿ ಬಿಡೋದು, ಬೆಳಿಗ್ಗೆ ಒತ್ತಡ ಬಿದ್ದಿದ್ರೆ ಎಲ್ಲೋ ಹೋಗ್ತಿದೆ ಅಂತ. ಇನ್ನೊಂದು ನೀಲಿ ದ್ರಾವಣದ ಟೆಸ್ಟು, ರೇಡಿಯೇಟರ್ ಬಾಯಿಂದ ಬರೋ ಗಾಳಿ ಅದರಲ್ಲಿ ಹಾಯಿಸ್ತಾರೆ, ಹಳದಿ ಆದ್ರೆ ಸುಟ್ಟ ಗ್ಯಾಸ್ ನೀರಿಗೆ ಬರ್ತಿದೆ, ಅಂದ್ರೆ ಹೆಡ್ ಪ್ಯಾಕಿಂಗ್. ನೀಲಿಯಾಗೇ ಉಳಿದು, ಪ್ಲಗ್ ಮಾತ್ರ ತೊಳೆದಂಗಿದ್ರೆ ಮ್ಯಾನಿಫೋಲ್ಡ್ ಬಿಚ್ಚಿ.

ಗಾಡಿ ರಾತ್ರಿ ನಿಂತು ಬೆಳಿಗ್ಗೆ ಸೆಲ್ಫ್ ಹೊಡೆದ್ರೆ ಟಕ್ ಅಂತ ಸಿಕ್ಕಾಕೊಂಡ್ರೆ ಇನ್ನೊಂದು ಸಲ ಹೊಡೀಲೇಬೇಡಿ, ತಳ್ಳಿ ಸ್ಟಾರ್ಟ್ ಮಾಡೋದಂತೂ ಬೇಡವೇ ಬೇಡ. ಸಿಲಿಂಡರ್‌ನಲ್ಲಿ ನೀರು ನಿಂತಿರಬಹುದು, ನೀರು ಗಾಳಿ ಥರ ಕುಗ್ಗಲ್ಲ, ಕನೆಕ್ಟಿಂಗ್ ರಾಡ್ ಬಾಗತ್ತೆ. ಪ್ಲಗ್ ನಾಲ್ಕೂ ತೆಗೆದು, ಇಗ್ನಿಷನ್ ತಂತಿ ಬಿಚ್ಚಿಟ್ಟು, ಮುಖ ಪಕ್ಕಕ್ಕಿಟ್ಕೊಂಡು, ಮೊದಲು ಸ್ಪ್ಯಾನರ್‌ನಲ್ಲಿ ಕ್ರ್ಯಾಂಕ್ ಕೈಯಲ್ಲೇ ತಿರುಗಿಸಿ. ಪ್ಲಗ್ ರಂಧ್ರದಿಂದ ಕೂಲಂಟ್ ಬಂದ್ರೆ ಅಲ್ಲಿಂದ ಮುಂದೆ ಎಂಜಿನ್ ಕೆಲಸ ಗೊತ್ತಿರೋರ ಕೈಗೆ ಕೊಡಿ, ಗಾಡಿನ ಟೋ ಮಾಡಿಸ್ಕೊಂಡೇ ಹೋಗಿ.

ಬೆಳಿಗ್ಗೆ ಎಳೆಯಲ್ಲ, ಮಂಜಿನಲ್ಲಿ ನಿಂತು ಹೋಗತ್ತೆ

ಮೂರನೇ ಜಾತಿ ರಂಧ್ರಕ್ಕೂ ಬೆಲೆ ಇದೆ ಅಂದ್ನಲ್ಲ, ಅದು ಇದು. ಕಂಪನಿಯವರು ಮ್ಯಾನಿಫೋಲ್ಡ್‌ಗೆ ಬಿಸಿ ನೀರು ಕೊಟ್ಟಿದ್ದು ಪೆಟ್ರೋಲ್ ಹನಿ ತಣ್ಣನೆ ಗೋಡೆಗೆ ಅಂಟ್ಕೊಂಡು ಕೂರ್ದೆ ಆವಿಯಾಗ್ಲಿ ಅಂತ. ಹಳೇ ಅಂಬಾಸಿಡರ್‌ನಲ್ಲಿ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬಿಸಿಯಿಂದಲೇ ಈ ಕೆಲಸ ಆಗ್ತಿತ್ತು. ಬಿಸಿ ಕಿತ್ಕೊಂಡ್ರೆ ತಣ್ಣಗಿನ ಗಾಳಿ ಸಿಕ್ಕಿ ಶಕ್ತಿ ಸ್ವಲ್ಪ ಹೆಚ್ಚತ್ತೆ ನಿಜ, ಆದ್ರೆ ಚಳೀಲಿ ಮೊದಲ ಹತ್ತು ನಿಮಿಷ ಎಂಜಿನ್ ಕೆಮ್ಮತ್ತೆ, ಆಕ್ಸಿಲರೇಟರ್ ಒತ್ತಿದ್ರೆ ತಡವರಿಸತ್ತೆ. ಇದು ದೋಷ ಅಲ್ಲ, ಮಾಡಿದ ಬದಲಾವಣೆಯ ಫಲ, ಚೋಕ್ ಇಟ್ಕೊಂಡು ಸ್ವಲ್ಪ ಹೊತ್ತು ಬಿಸಿ ಮಾಡಿ ಹೊರಡಿ.

ದೋಷ ಅನ್ನಬೇಕಾದ್ದು ಐಸು. ಪೆಟ್ರೋಲ್ ಆವಿಯಾಗುವಾಗ ಕಾರ್ಬೊರೇಟರ್ ಗಂಟಲಲ್ಲಿ ಉಷ್ಣಾಂಶ 20 ಡಿಗ್ರಿ, ಕೆಲವು ಸಲ ಅದಕ್ಕಿಂತ ಹೆಚ್ಚು ಬೀಳತ್ತೆ. ಹೊರಗೆ 15 ಡಿಗ್ರಿ ಇದ್ದು ಗಾಳಿ ತುಂಬ ತೇವ ಇದ್ರೆ, ಬಾಬಾಬುಡನ್‌ಗಿರಿ ಮಂಜು, ಮಡಿಕೇರಿ ಮಳೆಗಾಲ ನೆನಪಿಸ್ಕೊಳ್ಳಿ, ಆ ತೇವ ಗಂಟಲಲ್ಲೇ ಹೆಪ್ಪುಗಟ್ಟತ್ತೆ. ಗುರುತು ಹೀಗೆ, ಸ್ಟಾರ್ಟ್ ಚೆನ್ನಾಗೇ ಆಗತ್ತೆ, ಹತ್ತು ಹದಿನೈದು ನಿಮಿಷ ಒಂದೇ ವೇಗದಲ್ಲಿ ಓಡಿದ ಮೇಲೆ ಶಕ್ತಿ ಕುಗ್ಗತ್ತೆ, ಐಡ್ಲಿಂಗ್ ನಿಲ್ಲಲ್ಲ, ಆಫ್ ಆಗತ್ತೆ. ಬಾನೆಟ್ ತೆಗೆದು ಏನೂ ಮಾಡದೆ ಐದು ನಿಮಿಷ ಕಾದ್ರೆ ಎಂಜಿನ್ ಬಿಸಿಗೆ ಐಸ್ ಕರಗಿ ಏನೂ ಆಗಿಲ್ಲ ಅನ್ನೋ ಹಾಗೆ ಮತ್ತೆ ಓಡತ್ತೆ. ಬೇಗ ತೆಗೆದು ನೋಡಿದ್ರೆ ಕಾರ್ಬೊರೇಟರ್ ಹೊರಮೈ ಬೆವರಿರತ್ತೆ, ಒಳಗೆ ಬೆಳ್ಳನೆ ಪದರ. ಪೆಟ್ರೋಲ್ ಪಂಪ್ ತೊಂದರೆ ಅಂತ ಪಂಪ್ ಬದಲಾಯಿಸಿ ದುಡ್ಡು ಕಳ್ಕೊಂಡೋರು ಇದಾರೆ, ಪಂಪ್ ಕೆಟ್ಟಿದ್ರೆ ಐದು ನಿಮಿಷಕ್ಕೆ ಹೀಗೆ ಪೂರ್ತಿ ಸರಿ ಹೋಗೋದು ಅಪರೂಪ. ಬೆಟ್ಟದ ಗಾಡಿಗೆ ನಾನು ಹೇಳೋದು ಬಿಸಿ ದಾರಿ ಉಳಿಸ್ಕೊಳ್ಳಿ ಅಂತಲೇ, ಅಥವಾ ಎಕ್ಸಾಸ್ಟ್ ಮೇಲಿಂದ ಬಿಸಿ ಗಾಳಿ ಎಳೆಯೋ ಪೈಪ್ ಕೊಡಿ. ಬರೀ ಆಟೋಕ್ರಾಸ್ ರೇಸ್ ಓಡಿಸೋ ಗಾಡಿ ಆದ್ರೆ ಮುಚ್ಚಿ, ತೊಂದರೆ ಇಲ್ಲ.

ಐಡ್ಲಿಂಗ್ ಇಳೀತಿಲ್ಲ, ಕಪ್ಪು ಹೊಗೆ

ಕೆಲವು ಚೋಕ್, ಕೆಲವು ಥ್ರಾಟಲ್ ಬಾಡಿಯ ಗಾಳಿ ವಾಲ್ವು ಮೇಣದ ಗುಂಡಿನಿಂದ ಕೆಲಸ ಮಾಡತ್ತೆ, ಕೂಲಂಟ್ ಬಿಸಿಗೆ ಮೇಣ ಹಿಗ್ಗಿ ವಾಲ್ವ್ ಮುಚ್ಚತ್ತೆ. ಅದರ ನೀರು ಮುಚ್ಚಿದ್ರೆ ಎಂಜಿನ್ ಸದಾ ತಣ್ಣಗಿದೆ ಅಂತಲೇ ಅದರ ಲೆಕ್ಕ. ಐಡ್ಲಿಂಗ್ ಏರಿಯೇ ಇರತ್ತೆ, ಚೋಕ್ ಆದ್ರೆ ಕಪ್ಪು ಹೊಗೆ, ಪ್ಲಗ್‌ಗೆ ಮಸಿ. ಆ ಸಣ್ಣ ಹೋಸ್ ವಾಪಸ್ ಸೇರಿಸಿ ನೋಡಿ, ಸರಿ ಹೋದ್ರೆ ಅದೇ. ಸರಿ ಹೋಗ್ಲಿಲ್ಲ ಅಂದ್ರೆ ಮ್ಯಾನಿಫೋಲ್ಡ್ ಪ್ಯಾಕಿಂಗ್‌ನಲ್ಲಿ ಗಾಳಿ ಎಳೀತಿರಬಹುದು, ಅದಕ್ಕೆ ಸೋಪಿನ ನೀರು ಸಿಂಪಡಿಸಿ ಐಡ್ಲಿಂಗ್ ಬದಲಾಗತ್ತಾ ನೋಡಿ. ಪೆಟ್ರೋಲ್ ಸಿಂಪಡಿಸೋ ಅಭ್ಯಾಸ ಇದೆ ಕೆಲವರಿಗೆ, ಬಿಸಿ ಎಕ್ಸಾಸ್ಟ್ ಪಕ್ಕದಲ್ಲೇ ಇರೋ ಎಂಜಿನ್‌ನಲ್ಲಿ ಅದು ಬೆಂಕಿಗೆ ಆಹ್ವಾನ.

ಹೀಟರ್ ತಣ್ಣಗಿದ್ರೆ ಜಾಸ್ತಿ ತಲೆ ಕೆಡಿಸ್ಕೊಳ್ಳೋದು ಬೇಡ, ಹೋಗೋದು ಬರೋದು ಎರಡರಲ್ಲಿ ಒಂದಕ್ಕೆ ಡಮ್ಮಿ ಬಿದ್ದಿರತ್ತೆ ಅಥವಾ ಗಾಳಿ. ಎರಡು ಹೋಸ್ ಮುಟ್ಟಿದ್ರೆ ಗೊತ್ತಾಗತ್ತೆ.

ಮ್ಯಾನಿಫೋಲ್ಡ್ ಬಿಚ್ಚಿದ ಮೇಲೆ ಪಂಕ್ಚರ್ ಅಂಗಡಿ ಪರೀಕ್ಷೆ

ಬಿಚ್ಚಿದ್ದೀರ ಅಂದ್ರೆ ಅಂದಾಜಿನಲ್ಲಿ ವಾಪಸ್ ಹಾಕ್ಬೇಡಿ. ಉಕ್ಕಿನ ಸ್ಕೇಲ್ ಚಾಚಿನ ಮೇಲೆ ಉದ್ದಕ್ಕೂ ಕರ್ಣಕ್ಕೂ ಇಟ್ಟು ಹಿಂದಿನಿಂದ ಟಾರ್ಚ್ ಬಿಡಿ, ಬೆಳಕಿನ ಗೆರೆ ಕಂಡ ಕಡೆ ಬಾಗಿದೆ, ಮುಖ ಹೊಡೆಸ್ಬೇಕು. ಪೇಸ್ಟ್ ಜಾಸ್ತಿ ಹಚ್ಚಿ ಸರಿ ಮಾಡೋಕೆ ಹೋದ್ರೆ ಹೆಚ್ಚಾದ ಪೇಸ್ಟ್ ಹುಳದ ಥರ ಒಳಗೆ ಬೆಳೆದು, ಕಿತ್ಕೊಂಡು ನೀರಿನ ದಾರೀಲಿ ಸಿಕ್ಕಾಕೊಳ್ಳತ್ತೆ.

ಆಮೇಲೆ ನೀರಿನ ದಾರಿಯ ಎಲ್ಲ ಬಾಯಿಗೂ ಹಳೇ ಟ್ಯೂಬ್ ತುಂಡು ಮತ್ತು ಪಟ್ಟಿ ಇಟ್ಟು ಬೋಲ್ಟ್ ಮಾಡಿ, ಒಂದು ಬಾಯಿಗೆ ಮಾತ್ರ ಸೈಕಲ್ ಟ್ಯೂಬಿನ ವಾಲ್ವ್ ಇರೋ ತುಂಡು ಕ್ಲಿಪ್ ಹಾಕಿ ಸೇರಿಸಿ. ಪಂಕ್ಚರ್ ಅಂಗಡಿಗೆ ತಗೊಂಡು ಹೋಗಿ, ಟ್ಯೂಬ್ ಮುಳುಗಿಸೋ ತೊಟ್ಟೀಲಿ ಮುಳುಗಿಸಿ, ಕಾಲಿನ ಪಂಪ್‌ನಲ್ಲಿ ನಿಧಾನಕ್ಕೆ ಗಾಳಿ ಕೊಡಿ, 15 ಪಿಎಸ್‌ಐ ಸಾಕು. ಅಂಗಡಿ ಕಂಪ್ರೆಸರ್ ನೇರ ಹಚ್ಬೇಡಿ, ಒಂದೇ ಏಟಿಗೆ ಡಮ್ಮಿ ಗುಂಡಿನ ಥರ ಹಾರಿ ಕಣ್ಣಿಗೆ ಬೀಳಬಹುದು. ಮೊದಲು ಅಂಟಿದ್ದ ಗಾಳಿಯ ಗುಳ್ಳೆ ಬರತ್ತೆ, ಅದನ್ನ ಕೈಯಿಂದ ಸವರಿ ತೆಗೀರಿ. ಆಮೇಲೂ ಒಂದೇ ಜಾಗದಿಂದ ಸಾಸಿವೆ ಕಾಳಿನ ಗಾತ್ರದ ಗುಳ್ಳೆ ಒಂದರ ಹಿಂದೆ ಒಂದು ಸಾಲಾಗಿ ಏಳ್ತಾ ಇದ್ರೆ ಅದೇ ನಿಮ್ಮ ಸೋರಿಕೆ, ಮಾರ್ಕರ್‌ನಲ್ಲಿ ಗುರುತು ಹಾಕಿ. ಗಾಳಿ ಹೋಗೋ ಪೈಪಿನ ಬಾಯಿಂದ ಗುಳ್ಳೆ ಬಂತು ಅಂದ್ರೆ ನೀರಿನ ಗೋಡೆ ಒಳಗೇ ತೂತಾಗಿದೆ, ಆ ಮ್ಯಾನಿಫೋಲ್ಡ್ ವೆಲ್ಡಿಂಗ್ ಆಗಿ ಮತ್ತೆ ಇದೇ ತೊಟ್ಟೀಲಿ ಪಾಸಾಗದೆ ಎಂಜಿನ್ ಮೇಲೆ ಕೂರಬಾರ್ದು. ವೆಲ್ಡಿಂಗ್‌ಗೆ ಕೊಡೋ ಮುಂಚೆ ಕಾರ್ಬೊರೇಟರ್ ಬಿಚ್ಚಿ, ಪೆಟ್ರೋಲ್ ವಾಸನೆ ಪೂರ್ತಿ ಹೋಗೋತನಕ ತೊಳೆದು ಒಣಗಿಸಿ, ನೀರಿನ ದಾರೀಲಿ ಕೂಲಂಟ್ ಪಸೆನೂ ಇರ್ಬಾರ್ದು.

ಹೊಸ ಡಮ್ಮಿಗೆ ನನ್ನ ಆಯ್ಕೆ, ಜಾಗ ಇದ್ರೆ ಅಲ್ಯೂಮಿನಿಯಂ ತುಂಡು ಇಟ್ಟು ಆರ್ಗಾನ್ ವೆಲ್ಡಿಂಗ್, ಇಲ್ಲಾಂದ್ರೆ ಅದೇ ಅಳತೆ ಥ್ರೆಡ್‌ನ ಅಲ್ಯೂಮಿನಿಯಂ ಡಮ್ಮಿ, ಕೂಲಂಟ್ ತಡೆಯೋ ಥ್ರೆಡ್ ಸೀಲಂಟ್ ಹಚ್ಚಿ. ಹಿತ್ತಾಳೆನೂ ನಡೆಯತ್ತೆ, ಆದ್ರೆ ಬರೀ ನಲ್ಲಿ ನೀರು ಹಾಕಿ ಓಡಿಸಿದ್ರೆ ಹಿತ್ತಾಳೆ ಪಕ್ಕದ ಅಲ್ಯೂಮಿನಿಯಂ ತಿಂದು ಹೋಗತ್ತೆ, ಸರಿಯಾದ ಕೂಲಂಟ್ ಇರ್ಲೇಬೇಕು. ಥ್ರೆಡ್ ಕೊರೆದ ಲೋಹದ ಚೂರು ಒಂದೂ ಒಳಗೆ ಉಳೀಬಾರ್ದು, ಗ್ರೀಸ್ ಮೆತ್ತಿದ ಟ್ಯಾಪ್‌ನಲ್ಲಿ ಕೊರೆದ್ರೆ ಚೂರು ಗ್ರೀಸ್‌ಗೆ ಅಂಟ್ಕೊಂಡು ಬರತ್ತೆ.

ವಾಪಸ್ ಜೋಡಿಸಿ, ಗಾಳಿ ತೆಗೆದು, ಮೊದಲ ಸಲ ಮನೆ ಸುತ್ತಮುತ್ತ ಒಂದೈದು ಕಿಲೋಮೀಟರ್ ಓಡಿಸಿ ನಿಲ್ಲಿಸಿ, ಡಮ್ಮಿ ಒಂದೊಂದೂ ಟಾರ್ಚ್ ಹಾಕಿ ನೋಡಿ. ರಾತ್ರಿ ಪೂರ್ತಿ ತಣ್ಣಗಾಗ್ಲಿ, ಬೆಳಿಗ್ಗೆ ಮುಚ್ಚಳ ತೆಗೆದು ಮಟ್ಟ ನೋಡಿ, ಸ್ವಲ್ಪ ಇಳಿದಿರತ್ತೆ, ಸಿಕ್ಕಿದ್ದ ಗಾಳಿ ಹೋಗಿರತ್ತೆ, ತುಂಬಿಸಿ. ಎರಡನೇ ಬೆಳಿಗ್ಗೆಯೂ ಇಳಿದಿದ್ರೆ ಪ್ಲಗ್ ನಾಲ್ಕೂ ತೆಗೆದು ಕಾಗದದ ಮೇಲೆ ಸಾಲಾಗಿ ಇಡಿ.